ಬೆತ್ತ ಕೆಳಗಿಟ್ಟ ಮೇಲೆ: ಶಾಲೆಯಲ್ಲಿ ಕೆಟ್ಟ ಸಂಬಂಧ ಸರಿಪಡಿಸುವ ಕ್ರಮ

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವಂತಿಲ್ಲ ಎಂಬುದು ಈಗ ಎಲ್ಲ ಮೇಷ್ಟ್ರಿಗೂ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ ಎನ್ನುತ್ತದೆ 16ನೇ ಸೆಕ್ಷನ್. ಬೆತ್ತ ಕೆಳಗಿಡಿ ಎಂದವರು ಅದರ ಬದಲಿಗೆ ಏನು ಮಾಡಬೇಕೆಂದು ಕೈಹಿಡಿದು ಕಲಿಸಿದ್ದು ಮಾತ್ರ ಕಡಿಮೆ. ಹಾಗಾಗಿ ಬಹಳ ಶಾಲೆಗಳಲ್ಲಿ ಉಳಿದಿರುವುದು ಬಸ್ಕಿ, ಕ್ಲಾಸಿನ ಹೊರಗೆ ನಿಲ್ಲಿಸುವುದು, ‘ನಾಳೆ ಅಪ್ಪನ್ನ ಕರ್ಕೊಂಡು ಬಾ’, ಇಲ್ಲವೇ ಮುಚ್ಚಳಿಕೆ ಪತ್ರ. ಮೊದಲ ಎರಡು ಕೂಡ ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯೇ. ಅದಕ್ಕಿಂತ ಮುಖ್ಯವಾಗಿ, ಈ ನಾಲ್ಕರಲ್ಲಿ ಯಾವುದರಿಂದಲೂ ನೋವು ತಿಂದ ಮಗುವಿಗೆ ಏನೂ ದಕ್ಕುವುದಿಲ್ಲ. ಒಬ್ಬ ಬಸ್ಕಿ ಹೊಡೆದ ಮಾತ್ರಕ್ಕೆ ಇನ್ನೊಬ್ಬನ ಹರಿದ ನೋಟ್‌ಬುಕ್ ಹೊಲಿಗೆಯಾಗುವುದಿಲ್ಲ.

ರೆಸ್ಟೋರೇಟಿವ್ ವಿಧಾನ, ಅಂದರೆ ಶಿಕ್ಷಿಸುವ ಬದಲು ಆದ ನೋವನ್ನು ಸರಿಪಡಿಸುವ ವಿಧಾನ ಎಂದು ಕರೆಯುವ ಕ್ರಮ ಹುಟ್ಟಿದ್ದು ಈ ಕೊರತೆಯಿಂದಲೇ. 1974ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳು ಮಾಡಿದರು. ಅವರನ್ನು ನಷ್ಟವಾದವರ ಬಾಗಿಲಿಗೇ ಕರೆದೊಯ್ದು, ಎದುರಾಬದುರು ಮಾತನಾಡಿಸಿ, ನಷ್ಟ ತುಂಬಿಕೊಡುವಂತೆ ಮಾಡಿದ್ದು ಈ ವಿಧಾನದ ಮೊದಲ ಪ್ರಸಿದ್ಧ ಉದಾಹರಣೆ. ನ್ಯೂಜಿಲೆಂಡ್ 1989ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಕುಟುಂಬ ಸಭೆಯ ರೀತಿಯನ್ನು ಮಕ್ಕಳ ಕಾನೂನಿನೊಳಗೆ ತಂದಿತು. ಶಾಲೆಯ ಅಂಗಳಕ್ಕೆ ಇದು ಬಂದದ್ದು 1994ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಮರೂಚಿಡೋರ್ ಪ್ರೌಢಶಾಲೆಯಲ್ಲಿ.

ನಮ್ಮವರಿಗೆ ಇದನ್ನು ಹೇಳಿದ ತಕ್ಷಣ ಬರುವ ಮಾತು ‘ಓ, ರಾಜಿ ಪಂಚಾಯಿತಿ ತಾನೇ’ ಎಂದು. ಅಲ್ಲ. ರಾಜಿ ಪಂಚಾಯಿತಿಯಲ್ಲಿ ದೊಡ್ಡವರು ಕೂತು ಕೇಳಿ, ದಂಡ ಹಾಕಿ, ‘ಇಲ್ಲಿಗೆ ಮುಗಿಸಿ’ ಎನ್ನುತ್ತಾರೆ. ಬಗ್ಗುವವನು ಸಾಮಾನ್ಯವಾಗಿ ಬಲ ಕಡಿಮೆ ಇರುವವನೇ. ಇಲ್ಲಿ ಮೇಷ್ಟ್ರು ತೀರ್ಪು ಕೊಡುವುದಿಲ್ಲ. ನೋವಾದ ಮಗುವಿಗೆ ಏನು ಬೇಕು ಎಂಬುದೇ ಮಾತಿನ ನಡುಗಂಬ.

ಮೊದಲ ಎಂಟು ವಾರ ಜಗಳದ ಸುದ್ದಿ ಬೇಡ

ಬಹಳ ಶಾಲೆಗಳು ಮೊದಲ ಹೊಡೆದಾಟ ಬಂದ ದಿನವೇ ಇದನ್ನು ಶುರುಮಾಡಿ ಕೈಸುಟ್ಟುಕೊಳ್ಳುತ್ತವೆ. ಒಬ್ಬರ ಮಾತನ್ನು ಒಬ್ಬರು ಕೇಳಿ ಅಭ್ಯಾಸವೇ ಇಲ್ಲದ ಮಕ್ಕಳನ್ನು ಸಿಟ್ಟಿನ ಹೊತ್ತಿನಲ್ಲಿ ಎದುರುಬದುರು ಕೂರಿಸಿದರೆ ಜಗಳ ಎರಡನೇ ಸುತ್ತಿಗೆ ಹೋಗುತ್ತದೆ, ಅಷ್ಟೇ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಕನಿಷ್ಠ ಎಂಟು ವಾರ, ವಾರಕ್ಕೊಂದು ಪೀರಿಯಡ್, ಬರೀ ಸುತ್ತು ಕೂರುವುದನ್ನು, ಅಂದರೆ ಎಲ್ಲರೂ ದುಂಡಗೆ ಕೂತು ಸರದಿಯಂತೆ ಮಾತನಾಡುವುದನ್ನು, ರೂಢಿ ಮಾಡಿ. ಶನಿವಾರ ಅರ್ಧ ದಿನವಾದ್ದರಿಂದ ಪ್ರಾರ್ಥನೆ ಮುಗಿದ ಮೇಲಿನ ಮೊದಲ ಪೀರಿಯಡ್ ಒಳ್ಳೆಯದು. ಕೊನೆಯ ಪೀರಿಯಡ್ ಆದರೆ ಮಕ್ಕಳ ಕಿವಿಯೆಲ್ಲ ಬೆಲ್ಲಿನ ಕಡೆಗೇ ಇರುತ್ತದೆ.

ಲೆಕ್ಕ ಹೀಗಿದೆ. ನಲವತ್ತೈದು ಮಕ್ಕಳ ಕ್ಲಾಸಿನಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷ ಕೊಟ್ಟರೂ ಒಂದು ಸುತ್ತಿಗೆ 22 ನಿಮಿಷ ದಾಟುತ್ತದೆ. ಅಷ್ಟು ಹೊತ್ತಿಗೆ ಮೂವತ್ತನೆಯವನು ಮುಂದಿನವಳ ಜಡೆ ಎಳೆಯುತ್ತಿರುತ್ತಾನೆ. ಎರಡು ದಾರಿಗಳಿವೆ. ಹದಿನೈದರಂತೆ ಮೂರು ಗುಂಪು ಮಾಡಿ, ಎರಡು ಗುಂಪಿಗೆ ಬರವಣಿಗೆ ಕೊಟ್ಟು, ಒಂದು ಗುಂಪಿನೊಂದಿಗೆ ಕೂರುವುದು ಒಂದು. ಒಳಸುತ್ತಿನಲ್ಲಿ ಹದಿನೈದು ಮಕ್ಕಳು, ಹೊರಸುತ್ತಿನಲ್ಲಿ ಉಳಿದವರು ಕೂತು, ಒಳಗಿನವರು ಮಾತನಾಡುವಾಗ ಹೊರಗಿನವರು ಕೇಳಿಸಿಕೊಂಡು, ಮುಂದಿನ ವಾರ ಜಾಗ ಬದಲಾಯಿಸುವುದು ಇನ್ನೊಂದು. ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಮೊದಲೇ ನೆಲದ ಮೇಲೆ ಗುಂಪಾಗಿ ಕೂತು ರೂಢಿ ಇರುವುದರಿಂದ ಅಲ್ಲಿ ಸುಲಭ. ಬೆಂಚಿನ ಕ್ಲಾಸಾದರೆ ಬೆಂಚು ಎಳೆದಾಡಿ ಹತ್ತು ನಿಮಿಷ ಕಳೆಯಬೇಡಿ, ಜಗಲಿಗೋ ಮರದಡಿಗೋ ಹೋಗಿ.

ಮೇಷ್ಟ್ರೂ ನೆಲದ ಮೇಲೆಯೇ ಕೂರಬೇಕು. ಕುರ್ಚಿ ಹಾಕಿಸಿಕೊಂಡರೆ ಸುತ್ತಿಗೆ ಒಂದು ತಲೆ ಬಂದಂತಾಗಿ, ಪ್ರತಿ ಮಗುವೂ ಆ ಕಡೆಗೇ ಮುಖ ಮಾಡಿ ಒಪ್ಪಿಸುವ ಮಾತು ಆಡುತ್ತದೆ.

ಕೈಯಿಂದ ಕೈಗೆ ಹೋಗುವ ಒಂದು ವಸ್ತು ಇರಲಿ. ಅದು ಯಾರ ಕೈಯಲ್ಲಿದೆಯೋ ಅವರದ್ದು ಮಾತು, ಉಳಿದವರದ್ದು ಕಿವಿ. ನಯವಾಗಿ ಉಜ್ಜಿದ ತೆಂಗಿನ ಕರಟ, ಚನ್ನಪಟ್ಟಣದ ಮರದ ಗೊಂಬೆ, ಮಕ್ಕಳೇ ಮಾಡಿದ ಬಟ್ಟೆ ಚೆಂಡು, ಯಾವುದಾದರೂ ಆದೀತು. ಡಸ್ಟರು ಮತ್ತು ಸ್ಕೇಲು ಮಾತ್ರ ಬೇಡ. ಎಷ್ಟೋ ಮಕ್ಕಳಿಗೆ ಅವು ತಮ್ಮತ್ತ ಹಾರಿ ಬಂದ ವಸ್ತುಗಳು. ಮಾತು ಬೇಡವೆನಿಸಿದ ಮಗು ಏನೂ ಹೇಳದೆ ಮುಂದಕ್ಕೆ ದಾಟಿಸಬಹುದು ಎಂಬುದನ್ನು ಮೊದಲ ದಿನವೇ ಹೇಳಿ, ಮತ್ತು ಅದನ್ನು ಪಾಲಿಸಿ. ‘ಏನಾದ್ರೂ ಒಂದು ಹೇಳೇ’ ಎಂದು ಒಮ್ಮೆ ಒತ್ತಾಯ ಮಾಡಿದರೆ ಆ ಅನುಮತಿ ಸುಳ್ಳಾಗುತ್ತದೆ.

ಪ್ರಶ್ನೆ ಹಗುರದಿಂದ ಶುರುವಾಗಲಿ: ಈ ವಾರ ಮನೆಯಲ್ಲಿ ನಗು ಬಂದ ಸಂಗತಿ, ಯಾರಿಗೂ ಗೊತ್ತಿಲ್ಲದ ನಿನ್ನ ಒಂದು ಕೈಚಳಕ. ನಾಲ್ಕನೇ ವಾರದ ಹೊತ್ತಿಗೆ ‘ಯಾರಾದರೂ ನಿನಗೆ ಸಹಾಯ ಮಾಡಿದ ಗಳಿಗೆ’, ಆರನೆಯದರಲ್ಲಿ ‘ಈ ಕ್ಲಾಸಿನಲ್ಲಿ ಒಂಟಿ ಎನಿಸಿದ್ದು ಯಾವಾಗ’ ಎನ್ನುವ ತನಕ ಹೋಗಬಹುದು.

ಈ ವಾರಗಳಲ್ಲೇ ಮಾಡಿಕೊಳ್ಳಬೇಕಾದ ಇನ್ನೊಂದು ಕೆಲಸ ಮಾತಿನದು. ಹೇಗನ್ನಿಸಿತು ಎಂದು ಕೇಳಿದರೆ ನಮ್ಮ ಮಕ್ಕಳ ಬಾಯಲ್ಲಿ ಬರುವುದು ಒಂದೇ ಪದ, ‘ಬೇಜಾರಾಯ್ತು’. ಬೇಜಾರು ಎಂದರೆ ಅವಮಾನವೂ ಆಗಬಹುದು, ಹೆದರಿಕೆಯೂ ಆಗಬಹುದು, ಹೊಟ್ಟೆಕಿಚ್ಚೂ ಆಗಬಹುದು. ಮೂರಕ್ಕೂ ಬೇಕಾದ ಪರಿಹಾರ ಬೇರೆ ಬೇರೆ. ಒಂದು ರಟ್ಟಿನ ಮೇಲೆ ಸಿಟ್ಟು, ಅವಮಾನ, ನಾಚಿಕೆ, ಹೆದರಿಕೆ, ಹೊಟ್ಟೆಕಿಚ್ಚು, ಸಂಕಟ, ತಬ್ಬಿಬ್ಬು, ಒಂಟಿತನ, ನಿರಾಳ ಎಂದು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ಆಯಾ ಸೀಮೆಯ ಮಾತು ಸೇರಿಸಿ. ಮನೆಮಾತು ಉರ್ದು, ತುಳು, ತೆಲುಗು, ಲಂಬಾಣಿ ಆಗಿರುವ ಮಗು ತನ್ನ ಮಾತಿನಲ್ಲೇ ಹೇಳಲಿ. ಗೆಳೆಯರು ಕನ್ನಡಕ್ಕೆ ತರುತ್ತಾರೆ. ಒಂದು ತಿಂಗಳಲ್ಲಿ ಮಕ್ಕಳು ರಟ್ಟು ನೋಡಿ ‘ಬೇಜಾರಲ್ಲ ಸರ್, ಅವಮಾನ’ ಎನ್ನಲು ಕಲಿತರೆ ಅರ್ಧ ಕೆಲಸ ಆದಂತೆ.

‘ಯಾಕೆ’ ಎಂದು ಕೇಳಬೇಡಿ

ಏನಾದರೂ ನಡೆದಾಗ ಕೇಳಬೇಕಾದ ಪ್ರಶ್ನೆಗಳು ಐದು. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನು ಓಡುತ್ತಿತ್ತು? ಈಗ ಅದರ ಬಗ್ಗೆ ಏನನ್ನಿಸುತ್ತಿದೆ? ಯಾರ‍್ಯಾರಿಗೆ ಏನೇನು ತೊಂದರೆಯಾಯಿತು? ಸರಿಮಾಡಲು ಏನು ಮಾಡಬೇಕು? ನೋವಾದ ಮಗುವಿಗಾದರೆ ಮೂರನೆಯದರ ಜಾಗದಲ್ಲಿ ‘ನಿನಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು’, ಐದನೆಯದರ ಜಾಗದಲ್ಲಿ ‘ನಿನಗೆ ಏನಾದರೆ ಸರಿಹೋಗುತ್ತೆ’.

ಪಟ್ಟಿಯಲ್ಲಿ ‘ಯಾಕೆ’ ಇಲ್ಲ, ಗಮನಿಸಿ. ಕನ್ನಡದಲ್ಲಿ ‘ಯಾಕೋ ಹಾಗೆ ಮಾಡಿದೆ’ ಎಂಬುದು ಪ್ರಶ್ನೆಯೇ ಅಲ್ಲ, ಬೈಗುಳ. ಕೇಳಿಸಿಕೊಂಡ ಮಗು ತಲೆ ತಗ್ಗಿಸಿ ಹೆಬ್ಬೆರಳಿನಿಂದ ನೆಲ ಕೆರೆಯುತ್ತದೆ, ಇಲ್ಲವೇ ‘ಅವನೇ ಮೊದಲು ಮಾಡಿದ್ದು ಸರ್’ ಎನ್ನುತ್ತದೆ. ‘ಏನಾಯಿತು’ ಎಂದು ಕೇಳಿದರೆ ಕಥೆ ಹೊರಬರುತ್ತದೆ. ಈ ಐದನ್ನು ಅಂಗೈಯಗಲದ ಕಾರ್ಡಿನಲ್ಲಿ ಬರೆದು ಪ್ರತಿಯೊಬ್ಬ ಶಿಕ್ಷಕರ ಹಾಜರಿ ಪುಸ್ತಕದೊಳಗೆ ಇಡಿ. ಪಿಟಿ ಮೇಷ್ಟ್ರ ಕೈಗೂ ಬಿಸಿಯೂಟದ ಅಡುಗೆಯವರ ಕೈಗೂ ಒಂದೊಂದು ಕೊಡಿ; ಮೈದಾನದ ಜಗಳ, ತಟ್ಟೆ ತೊಳೆಯುವ ನಲ್ಲಿಯ ಹತ್ತಿರದ ನೂಕಾಟ ಮೊದಲು ಕಾಣುವುದು ಅವರಿಗೆ. ಸಣ್ಣಪುಟ್ಟ ತಕರಾರಿಗೆ ನಿಂತಲ್ಲೇ ಮೂರು ನಿಮಿಷದಲ್ಲಿ ಈ ಪ್ರಶ್ನೆ ಕೇಳಿದರೆ ಸಾಕು, ಸಭೆ ಬೇಕಾಗಿಲ್ಲ.

ಒಂದು ಪ್ರಕರಣ ಹಿಡಿದು ನೋಡೋಣ

ಎಂಟನೇ ತರಗತಿ. ಮಹೇಶನಿಗೆ ಓದುವಾಗ ತೊದಲುತ್ತದೆ ಎಂದಿಟ್ಟುಕೊಳ್ಳಿ. ಪ್ರವೀಣ ಅದನ್ನು ಅಣಕಿಸಿ ಕ್ಲಾಸನ್ನು ನಗಿಸುತ್ತಾನೆ, ತಿಂಗಳುಗಟ್ಟಲೆ. ಒಂದು ದಿನ ಮಹೇಶ ಅವನನ್ನು ಜಗಲಿಯಿಂದ ದಬ್ಬುತ್ತಾನೆ. ಪ್ರವೀಣನ ಮೊಣಕೈ ತರಚಿ, ಕನ್ನಡಕ ಮುರಿಯುತ್ತದೆ. ಹಳೆಯ ರೀತಿಯಲ್ಲಿ ಇದು ಒಂದು ದೂರು, ಒಬ್ಬ ತಪ್ಪಿತಸ್ಥ. ನಿಜದಲ್ಲಿ ನೋವು ಎರಡು, ನಕ್ಕವರು ನಲವತ್ತು.

ಮೊದಲು ಗಾಯಕ್ಕೆ ಔಷಧಿ. ಆಮೇಲೆ ಇಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸಿ. ಸಿಟ್ಟು ಇಳಿಯದೆ ಮಾತು ಬೇಡ. ಅದೇ ದಿನ ಮಧ್ಯಾಹ್ನವೋ ಮರುದಿನವೋ ಆದರೆ ಸರಿ, ಮೂರು ದಿನ ದಾಟಿದರೆ ಊರಿನ ಹುಡುಗರು ಗುಂಪು ಕಟ್ಟಿಕೊಂಡಿರುತ್ತಾರೆ.

ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಹದಿನೈದರಿಂದ ಇಪ್ಪತ್ತು ನಿಮಿಷ ಕೂರುವ ಈ ಪೂರ್ವಸಿದ್ಧತೆಯೇ ನಿಜವಾದ ಕೆಲಸ, ಮತ್ತು ಸಮಯವಿಲ್ಲವೆಂದು ಎಲ್ಲರೂ ಹಾರಿಸುವುದೂ ಇದನ್ನೇ. ಐದು ಪ್ರಶ್ನೆ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ತಿರುಗಿ ಹೇಳಿ, ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಿ. ಜೊತೆಗೆ ಮೂರು ಸಂಗತಿ ತಿಳಿಯಬೇಕು. ತಾನು ಮಾಡಿದ್ದನ್ನು ಮಗು ಒಪ್ಪುತ್ತದೆಯೇ? ಎದುರು ಕೂರಲು ಇಬ್ಬರಿಗೂ ಮನಸ್ಸಿದೆಯೇ? ಕೂತರೆ ಯಾರಿಗಾದರೂ ಅಪಾಯವಿದೆಯೇ? ಪ್ರವೀಣ ‘ನಾನೇನೂ ಮಾಡಿಲ್ಲ, ತಮಾಷೆಗೆ ಅಂದಿದ್ದು’ ಎಂದೇ ಹೇಳುತ್ತಿದ್ದರೆ ಸಭೆ ಮಾಡಬೇಡಿ. ನೊಂದವನ ಎದುರಿಗೇ ಅವನ ನೋವನ್ನು ಅಲ್ಲಗಳೆದರೆ ಗಾಯ ಎರಡು ಪಟ್ಟಾಗುತ್ತದೆ. ‘ನೀನು ಅಣಕಿಸಿದಾಗ ಮಹೇಶ ಪುಸ್ತಕ ಮುಚ್ಚಿಟ್ಟದ್ದನ್ನು ನೋಡಿದೆಯಾ’ ಎಂದು ಕೇಳಿ, ಒಂದೆರಡು ದಿನ ಬಿಟ್ಟು ಮತ್ತೆ ಮಾತನಾಡಿ.

ಮಹೇಶನಿಗೆ ಒಂದು ಆಯ್ಕೆ ಹೆಚ್ಚು ಬೇಕು. ತೊದಲುವ ಹುಡುಗನನ್ನು ಎಲ್ಲರೆದುರು ಬಾಯಿಬಿಟ್ಟು ಹೇಳು ಎನ್ನುವುದು ಅದೇ ಅವಮಾನದ ಮುಂದುವರಿಕೆ. ಬರೆದು ತರಬಹುದು, ಗೆಳೆಯನೊಬ್ಬ ಓದಬಹುದು.

ಜಂಟಿ ಮಾತಿಗೆ ಮೂವತ್ತರಿಂದ ನಲವತ್ತು ನಿಮಿಷ ಹಿಡಿಯುತ್ತದೆ. ಸ್ಟಾಫ್ ರೂಮ್ ಬೇಡ, ಅಲ್ಲಿ ಪ್ರತಿ ಎರಡು ನಿಮಿಷಕ್ಕೆ ಯಾರಾದರೂ ಬಂದು ‘ಏನ್ರೀ ಇವನದು ಮತ್ತೆ’ ಎನ್ನುತ್ತಾರೆ. ಎಚ್‌ಎಂ ಕೊಠಡಿಯೂ ಬೇಡ. ಲೈಬ್ರರಿ ಅಥವಾ ಖಾಲಿ ಕ್ಲಾಸು ಸರಿ. ನಡುವೆ ಟೇಬಲ್ ಇಲ್ಲದೆ, ಬಾಗಿಲು ತೆರೆದಿಟ್ಟು, ಇಬ್ಬರನ್ನೂ ಎದುರೆದುರಿಗಲ್ಲದೆ ಓರೆಯಾಗಿ ಕೂರಿಸಿ. ಕಣ್ಣಿಗೆ ಕಣ್ಣು ಕೊಡಲೇಬೇಕಾದ ಬಿಗಿತ ತಪ್ಪುತ್ತದೆ. ನಿಯಮ ಎರಡೇ: ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಬಾರದು, ಇಲ್ಲಿ ಆಡಿದ್ದು ಇಲ್ಲೇ ಇರಬೇಕು. ಯಾರಿಗಾದರೂ ಪೆಟ್ಟು, ಅಪಾಯದ ಮಾತು ಬಂದರೆ ಮಾತ್ರ ಮೇಷ್ಟ್ರು ಬೇರೆಯವರಿಗೆ ಹೇಳಬೇಕಾಗುತ್ತದೆ ಎಂದು ಮೊದಲೇ ತಿಳಿಸಿ.

ಮಾತು ನಿಂತಾಗ ತುಂಬಲು ಹೋಗಬೇಡಿ. ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಶಿಕ್ಷಕರಿಗೆ ಇದರಷ್ಟು ಕಷ್ಟದ್ದು ಬೇರೆ ಇಲ್ಲ, ಏಕೆಂದರೆ ಬುದ್ಧಿವಾದ ನಾಲಗೆಯ ತುದಿಯಲ್ಲೇ ಇರುತ್ತದೆ. ಅದು ಹೊರಬಿದ್ದ ಕ್ಷಣ ಇಬ್ಬರು ಹುಡುಗರೂ ಕಿವಿ ಮುಚ್ಚಿಕೊಳ್ಳುತ್ತಾರೆ.

ಕೊನೆಯ ಒಪ್ಪಂದದಲ್ಲಿ ಯಾರು, ಏನು, ಯಾವಾಗ ಎಂಬ ಮೂರೂ ಇರಬೇಕು. ‘ಇನ್ನು ಮುಂದೆ ಒಳ್ಳೆಯವನಾಗಿ ಇರುತ್ತೇನೆ’ ಎಂಬುದು ಒಪ್ಪಂದವಲ್ಲ, ಅದು ಮುಚ್ಚಳಿಕೆಯ ಭಾಷೆ. ಪಾಲಿಸಿದನೋ ಇಲ್ಲವೋ ನೋಡಲು ಬರುವುದಿಲ್ಲ. ‘ಮಹೇಶ ಓದುವಾಗ ನಾನೂ ನಗುವುದಿಲ್ಲ, ಪಕ್ಕದವರು ನಕ್ಕರೆ ಕೈಸನ್ನೆ ಮಾಡಿ ತಡೆಯುತ್ತೇನೆ, ಸೋಮವಾರದಿಂದ’ ಎಂಬುದು ಒಪ್ಪಂದ. ಕನ್ನಡಕದ ವಿಷಯ ಸೂಕ್ಷ್ಮ. ದುಡ್ಡು ಕೊಡುವವರು ಮಗುವಲ್ಲ, ಕೂಲಿಗೆ ಹೋಗುವ ಮಹೇಶನ ಅವ್ವ. ಫ್ರೇಮ್ ಬೆಸೆಯಲು ಆಗುತ್ತದೆಯೇ ಎಂದು ಮೊದಲು ನೋಡಿ. ಆಗದಿದ್ದರೆ ಎರಡೂ ಮನೆಯವರನ್ನು ಕೇಳಿ, ಭಾಗ ಮಾಡಿ, ಬೇಕಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ನೆರವು ಪಡೆಯಿರಿ. ಹೊಸದು ಬರುವ ತನಕ ಬೋರ್ಡಿನ ಮೇಲಿನದನ್ನು ಪ್ರವೀಣನಿಗಾಗಿ ಬರೆದುಕೊಡುವ ಕೆಲಸವನ್ನು ಮಹೇಶ ತಾನಾಗಿ ಒಪ್ಪಿದರೆ ಅದು ದುಡ್ಡಿಗಿಂತ ಹೆಚ್ಚು ತೂಗುತ್ತದೆ. ಕಸ ಗುಡಿಸುವುದು, ಶೌಚಾಲಯ ತೊಳೆಯುವುದು ಒಪ್ಪಂದದಲ್ಲಿ ಎಂದೂ ಬರಬಾರದು. ನಡೆದ ತಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಆ ಕೆಲಸ ಯಾವ ಜಾತಿಯ ಮಕ್ಕಳ ತಲೆಗೆ ಕಟ್ಟಲ್ಪಡುತ್ತದೆ ಎಂಬುದೂ ನಮಗೆಲ್ಲ ಗೊತ್ತು.

ಉಳಿದದ್ದು ಆ ನಲವತ್ತು ಜನರ ನಗು. ಮುಂದಿನ ಶನಿವಾರದ ಸುತ್ತಿನಲ್ಲಿ ಇಬ್ಬರ ಹೆಸರೂ ಎತ್ತದೆ ‘ಯಾರನ್ನಾದರೂ ನೋಡಿ ನಾವೆಲ್ಲ ನಗುವಾಗ ಆ ಮಗುವಿಗೆ ಏನಾಗುತ್ತದೆ’ ಎಂದು ಕೇಳಿ. ಓದಿಸುವ ರೀತಿಯನ್ನು ಮೇಷ್ಟ್ರೂ ಬದಲಿಸಬೇಕು: ಜೋಡಿಯಾಗಿ ಓದಿಸುವುದು, ಯಾವ ಪ್ಯಾರಾ ಬರುತ್ತದೆ ಎಂದು ಹಿಂದಿನ ದಿನವೇ ತಿಳಿಸುವುದು.

ಕೆಡುವುದು ಎಲ್ಲಿ

ಎಲ್ಲಕ್ಕಿಂತ ದೊಡ್ಡ ತಪ್ಪು ಬಲವಂತದ ‘ಸಾರಿ’. ‘ಸಾರಿ ಕೇಳು, ಕೈ ಕೊಡು, ಇನ್ಮೇಲೆ ಫ್ರೆಂಡ್ಸ್’ ಎಂದು ಎರಡು ನಿಮಿಷದಲ್ಲಿ ಮುಗಿಸಿದರೆ ಹಗುರಾಗುವುದು ಮೇಷ್ಟ್ರ ಮನಸ್ಸು ಮಾತ್ರ. ಅದರ ಜೋಡಿ ತಪ್ಪು ನೊಂದವರಿಗೆ ‘ಹೋಗಲಿ ಬಿಡು, ಕ್ಷಮಿಸಿಬಿಡು’ ಎನ್ನುವುದು. ಕ್ಷಮಿಸುವುದು, ಬಿಡುವುದು ಆ ಮಗುವಿನ ಹಕ್ಕು. ಕ್ಷಮಿಸದೆಯೂ ಒಪ್ಪಂದ ಆಗಬಹುದು, ಗೆಳೆತನವಿಲ್ಲದೆಯೂ ಒಂದೇ ಕ್ಲಾಸಿನಲ್ಲಿ ನೆಮ್ಮದಿಯಿಂದ ಇರಬಹುದು. ಮೂರನೆಯದು, ‘ಎರಡು ಕೈ ಸೇರಿದರೇ ಚಪ್ಪಾಳೆ’. ದಿನವೂ ಪೆಟ್ಟು ತಿನ್ನುವ ಮಗುವಿಗೆ ಈ ಗಾದೆ ಹೇಳಿದರೆ ಅದು ಇನ್ನೊಮ್ಮೆ ದೂರು ತರುವುದಿಲ್ಲ.

ಮನೆಯವರನ್ನು ಕರೆಸುವಾಗಲೂ ಎಚ್ಚರ ಬೇಕು. ಮಗುವಿನ ಕೈಯಲ್ಲಿ ಚೀಟಿ ಕಳಿಸಿದರೆ ಅಂದು ರಾತ್ರಿ ಮನೆಯಲ್ಲಿ ಬೆನ್ನಿನ ಮೇಲೆ ಬಾಸುಂಡೆ ಏಳಬಹುದು. ಫೋನಿನಲ್ಲಿ ನೀವೇ ಮಾತನಾಡಿ. ಆ ಮಗುವಿನ ಒಂದು ಒಳ್ಳೆಯ ಸಂಗತಿಯಿಂದ ಶುರುಮಾಡಿ. ‘ಹೊಡೀಬೇಡಿ, ನಾವು ಸೇರಿ ಸರಿಮಾಡೋಣ’ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ. ಕೂಲಿ ತಪ್ಪದಂತೆ ಸಂಜೆಯ ಹೊತ್ತು ಕೊಡಿ, ಬಂದವರಿಗೆ ಕುರ್ಚಿ ಕೊಡಿ.

ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ‘ಇವರಿಬ್ಬರು ರಾಜಿ ಆಗಿದ್ದಾರೆ, ಚಪ್ಪಾಳೆ’ ಎನ್ನುವುದು ಬೇಡವೇ ಬೇಡ.

ಎಲ್ಲಕ್ಕೂ ಈ ವಿಧಾನ ಸಲ್ಲದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತುಕತೆ, ಸುತ್ತು, ಒಪ್ಪಂದ ಯಾವುದೂ ಇಲ್ಲ: 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಶಿಕ್ಷಕರೇ ಮಗುವನ್ನು ಹೊಡೆದಿದ್ದರೆ ಶಾಲೆಯೊಳಗೇ ಕೂರಿಸಿ ತಣ್ಣಗೆ ಮಾಡುವುದು ಮುಚ್ಚಿಹಾಕಿದಂತೆ. ಜಾತಿ ಹಿಡಿದು ಬೈದದ್ದು, ನೀರು ಮುಟ್ಟಗೊಡದ್ದು, ಬಿಸಿಯೂಟದ ಸಾಲಿನಲ್ಲಿ ದೂರ ಕೂರಿಸಿದ್ದು ಇಬ್ಬರು ಮಕ್ಕಳ ನಡುವಿನ ಮನಸ್ತಾಪವಲ್ಲ. ಅಲ್ಲಿ ಮಗುವಿನ ರಕ್ಷಣೆ ಮತ್ತು ಕಾನೂನು ಮೊದಲು. ಶಾಲೆ ತನ್ನ ಸಾಲು, ತಟ್ಟೆ, ನಲ್ಲಿಗಳನ್ನೇ ಮೊದಲು ಸರಿಮಾಡಿಕೊಳ್ಳಬೇಕು. ಗುಂಪು ಕಟ್ಟಿಕೊಂಡು ಒಬ್ಬರನ್ನೇ ಕಾಡುತ್ತಿದ್ದರೂ ಎದುರು ಕೂರಿಸಬೇಡಿ. ಕಾಟ ನಿಂತು, ನೊಂದ ಮಗು ತಾನಾಗಿ ಬಯಸಿದರೆ ಮಾತ್ರ.

ಫಲದ ಬಗ್ಗೆಯೂ ಉಬ್ಬಿಸದೆ ಹೇಳಬೇಕು. ಇಂಗ್ಲೆಂಡಿನ 40 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ವರ್ಷದ ಕೊನೆಗೆ ಮಕ್ಕಳು ಮಕ್ಕಳನ್ನು ಕಾಡುವುದು ಸ್ವಲ್ಪ ಇಳಿದಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನ 44 ಶಾಲೆಗಳಲ್ಲಿ ನಡೆದ ಅಧ್ಯಯನದ ಪ್ರಕಾರ ಶಾಲೆಯಿಂದ ಅಮಾನತು ಮಾಡುವುದು ಕಡಿಮೆಯಾಯಿತು, ವಾತಾವರಣ ಚೆನ್ನಾಯಿತೆಂದು ಶಿಕ್ಷಕರು ಹೇಳಿದರು. ಆದರೆ 6ರಿಂದ 8ನೇ ತರಗತಿಯವರ ಪರೀಕ್ಷೆಯ ಫಲ ಕುಸಿಯಿತು. ಶಿಕ್ಷಕರ ಸಮಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡದೆ ಹೊರಡಬಾರದು. ಒಂದು ಗಂಭೀರ ಪ್ರಕರಣಕ್ಕೆ ಒಟ್ಟು ಒಂದೂವರೆ ಗಂಟೆಯಾದರೂ ಬೇಕು. ಆ ಹೊತ್ತಿನಲ್ಲಿ ಅವರ ಕ್ಲಾಸು ಯಾರು ನೋಡಿಕೊಳ್ಳುತ್ತಾರೆ ಎಂದು ಎಚ್‌ಎಂ ವೇಳಾಪಟ್ಟಿಯಲ್ಲೇ ಬರೆದಿರಲಿ. ಮೊದಲ ವರ್ಷ ಒಂದೇ ತರಗತಿ, ಮನಸ್ಸಿರುವ ಇಬ್ಬರು ಶಿಕ್ಷಕರು ಸಾಕು.

ಒಪ್ಪಂದವಾದ ಮೇಲೆ

ಒಂದು ರಿಜಿಸ್ಟರ್ ಇಡಿ. ಒಂದು ಪ್ರಕರಣಕ್ಕೆ ಅರ್ಧ ಪುಟ: ದಿನಾಂಕ, ಯಾರ‍್ಯಾರು, ಒಪ್ಪಿದ್ದು ಏನು, ಮತ್ತೆ ನೋಡುವ ದಿನ. ಮಗು ಅಳುತ್ತಾ ಹೇಳಿದ ಮನೆಯ ಸಂಗತಿ ಅದರಲ್ಲಿ ಬೇಡ. ಬೀಗ ಇರುವ ಬೀರುವಿನಲ್ಲಿ ಇಡಿ.

ಏಳನೇ ದಿನ ಮತ್ತು ಇಪ್ಪತ್ತೊಂದನೇ ದಿನ ಐದೈದು ನಿಮಿಷ, ಮೊದಲು ನೊಂದ ಮಗುವನ್ನು, ಒಬ್ಬಂಟಿಯಾಗಿ ಕೇಳಿ. ‘ಈಗ ಪರವಾಗಿಲ್ವಾ’ ಎಂದರೆ ‘ಹೂಂ ಸರ್’ ಎಂದೇ ಉತ್ತರ ಬರುತ್ತದೆ. ‘ಈ ವಾರ ಎಷ್ಟು ಸಲ ಗಟ್ಟಿಯಾಗಿ ಓದಿದೆ, ಆಗ ಪ್ರವೀಣ ಏನು ಮಾಡುತ್ತಿದ್ದ’ ಎಂದು ಕೇಳಿ. ಒಪ್ಪಂದ ಮುರಿದಿದ್ದರೆ ಬೈಯುವ ಮೊದಲು ಅದು ಆಗುವಂಥದ್ದಾಗಿತ್ತೇ ಎಂದು ನೋಡಿ. ಹದಿಮೂರು ವರ್ಷದ ಹುಡುಗ ಇಡೀ ಕ್ಲಾಸಿನ ನಗು ತಡೆಯುತ್ತೇನೆ ಎಂದು ಒಪ್ಪಿದ್ದರೆ ಅದು ಅವನ ಅಳತೆ ಮೀರಿದ್ದು. ಚಿಕ್ಕದು ಮಾಡಿ, ಹೊಸ ದಿನಾಂಕ ಬರೆಯಿರಿ. ಎರಡನೇ ಸಲವೂ ಬೇಕೆಂದೇ ಮುರಿದರೆ ಶಾಲೆಯ ಮಾಮೂಲು ಕ್ರಮಕ್ಕೆ ಹೋಗಿ, ಇಬ್ಬರ ಮನೆಯವರನ್ನೂ ಕೂರಿಸಿ, ಜಾಗ ಬದಲಿಸಿ, ಮಹೇಶನ ಪಕ್ಕ ಅವನೇ ಆರಿಸಿಕೊಂಡ ಗೆಳೆಯನನ್ನು ಕೂರಿಸಿ. ಇಪ್ಪತ್ತೊಂದನೇ ದಿನದ ಮಾತು ದಸರಾ ರಜೆಗೆ ಬಿದ್ದರೆ, ಶಾಲೆ ತೆರೆದ ಮೊದಲ ದಿನಕ್ಕೆ ಈಗಲೇ ಗುರುತು ಹಾಕಿಕೊಳ್ಳಿ.